ಎಡಗಡೆ ಸೀಟಿನ ತೂಕ

ಆಯಿಲ್‌ಡೇಲ್, ಕ್ಯಾಲಿಫೋರ್ನಿಯಾ
ಜೂನ್ 5, 1988

ವೆಂಡೆಲ್,

ಲಕೋಟೆಯ ಮೇಲೆ ನನ್ನ ಕೈಬರಹ ನೋಡಿ ಯಾರೋ ಸತ್ತಿರಬೇಕು ಅಂದುಕೊಂಡಿರುತ್ತೀ. ಯಾರೂ ಸತ್ತಿಲ್ಲ. ಹದಿನಾಲ್ಕು ವರ್ಷ ಬರೆಯದವನು ಈಗ ಬರೆಯುತ್ತಿರುವುದು ಕಾರಿನ ವಿಷಯಕ್ಕೆ, ಬೇರೆ ಯಾವುದಕ್ಕೂ ಅಲ್ಲ. ವಿಳಾಸ ನಿನ್ನ ತಂಗಿ ಕೊಟ್ಟಳು. "ಅವನು ಉತ್ತರ ಬರೀತಾನೆ ಅಂತ ನಾನೇನು ಮಾತು ಕೊಡಲ್ಲಪ್ಪ" ಅಂತ ಮೊದಲೇ ಹೇಳಿದಳು.

ನಾವಿಬ್ಬರೂ ನಾಲ್ಕು ವರ್ಷ ಕೈ ಮಸಿ ಮಾಡಿಕೊಂಡು ಕಟ್ಟಿದ ಮೂವತ್ನಾಲ್ಕನೇ ಇಸವಿಯ ಕೂಪೆ ಕಾರು ಇನ್ನೂ ನನ್ನ ಗ್ಯಾರೇಜಿನಲ್ಲೇ ಇದೆ. ಮಾರ್ಚಿನಲ್ಲಿ ಹಿಂದಿನ ಎರಡೂ ಟೈರು ಹೊಸದು ಹಾಕಿಸಿದೆ. ಹಳೆಯವು ಬಿರುಕುಬಿಟ್ಟಿದ್ದವು. ಹೊಸವು ಒಂದಿಂಚು ಅಗಲ ಜಾಸ್ತಿ, ನೋಡಲು ಚೆನ್ನಾಗಿವೆ. ಆದರೆ ಆಮೇಲಿಂದ ಕಾರು ಹೇಳಿದ ಮಾತು ಕೇಳುತ್ತಿಲ್ಲ. ಸಿಗ್ನಲ್ ಹಸಿರಾದಾಗ ಆಕ್ಸಿಲರೇಟರ್ ಜೋರಾಗಿ ತುಳಿದರೆ ಮೂತಿ ಎಡಕ್ಕೆ ಹೋಗುತ್ತದೆ. ಇಳಿದು ನೋಡಿದರೆ ರಸ್ತೆಯ ಮೇಲೆ ಬಲಗಡೆ ಟೈರಿನ ಗುರುತು ಕಪ್ಪಗೆ ಉದ್ದಕ್ಕೆ ಬಿದ್ದಿರುತ್ತದೆ, ಎಡಗಡೆಯದು ಮಾಸಲು.

ಅಕ್ಟೋಬರ್ ಮೊದಲ ಶನಿವಾರ ನಮ್ಮ ಹಳೆಯ ಗುಂಪಿನವರೆಲ್ಲ ಕಣಿವೆ ಹತ್ತಿ ಕರ್ನ್‌ವಿಲ್‌ಗೆ ಓಡಿಸುತ್ತಾರೆ, ಯಾವಾಗಿನಂತೆ. ಈ ಸಲ ನಾನು ಹೋಗಲೇಬೇಕು. ಆ ರಸ್ತೆಯಲ್ಲಿ ಎಡಕ್ಕೆ ಹೊಳೆ ಇರುವುದು ನಿನಗೆ ಮರೆತಿರಲಾರದು.

ಹಿಂಭಾಗದ ಸಸ್ಪೆನ್ಷನ್ ಕಟ್ಟಿದವನು ನೀನು. ಇಲ್ಲಿ ಮೂರು ಜನ ಕೆಳಗೆ ಮಲಗಿ ನೋಡಿದರು, ಮೂವರೂ ಮೂರು ಥರ ಹೇಳಿದರು. ಅದಕ್ಕೇ ನಿನಗೆ ಬರೆಯುತ್ತಿದ್ದೇನೆ. ಫೋನ್ ಮಾಡಬೇಡ, ಫೋನಿನಲ್ಲಿ ಅಳತೆ ತಪ್ಪುತ್ತವೆ. ಅವತ್ತಿನ ವಿಷಯ ನಾನು ಎತ್ತುವುದಿಲ್ಲ, ನೀನೂ ಎತ್ತಬೇಡ.

ವರ್ಲಿನ್ ಟ್ಯಾಕೆಟ್

*

ಹಚಿನ್‌ಸನ್, ಕ್ಯಾನ್ಸಸ್
ಜೂನ್ 20, 1988

ವರ್ಲಿನ್,

ನಿನ್ನ ಕಾಗದ ಒಂದು ವಾರ ಟ್ರಾಕ್ಟರ್ ಬಿಡಿಭಾಗಗಳ ಪುಸ್ತಕದ ಕೆಳಗೆ ಬಿದ್ದಿತ್ತು. ತಾನಾಗಿ ಬಿದ್ದದ್ದಲ್ಲ, ನಾನೇ ಇಟ್ಟದ್ದು.

ಎತ್ತಬೇಡ ಎಂದೆಯಲ್ಲ, ಒಂದೇ ಒಂದು ಸಲ ಎತ್ತಿ ಇಳಿಸುತ್ತೇನೆ. ನೀನು ಎರಡು ದಿನ ಫ್ರೆಸ್ನೊಗೆ ಹೋಗಿದ್ದೆ. ಹಿಂಭಾಗ ಹೇಗೆ ಕೂತಿದೆ ನೋಡೋಣವೆಂದು ನಿನ್ನನ್ನು ಕೇಳದೆ ಕಾರು ತೆಗೆದೆ. ಕೇಳದೆ ತೆಗೆದದ್ದು ತಪ್ಪು, ಅದನ್ನು ಅವತ್ತೂ ಒಪ್ಪಿಕೊಂಡೆ. ಚೆಸ್ಟರ್ ಅವೆನ್ಯೂ ಸಿಗ್ನಲ್‌ನಲ್ಲಿ ತುಳಿದಾಗ ಮೂತಿ ಎಡಕ್ಕೆ ಹೋಗಿ ನಡುವಿನ ದೀಪದ ಕಂಬಕ್ಕೆ ಗುದ್ದಿತು. ಆಗಲೂ ಎಡಕ್ಕೇ, ವರ್ಲಿನ್. ಮರುದಿನ ಎಂಟು ಜನರ ಮುಂದೆ ಹೋಟೆಲಿನಲ್ಲಿ ಕೂತು ನೀನು ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ: "ನಮ್ಮ ಕಡ್ಡಿಯ ಕೈ ಸ್ಪ್ಯಾನರ್ ಹಿಡಿಯೋಕೆ ಸರಿ ಕಣ್ರೋ, ಸ್ಟೀರಿಂಗ್ ಹಿಡಿಯೋಕಲ್ಲ." ಕಾರಣ ಏನೆಂದು ಹೇಳಹೊರಟೆ. ನೀನು ನಕ್ಕೆ, ಎಲ್ಲರೂ ನಕ್ಕರು. ಅದಾದ ಮೇಲೆ ನಾನು ಹೀಗೆ ಕೈಯಾರೆ ಕಟ್ಟಿದ ಯಾವ ಹಾಟ್ ರಾಡ್ ಕಾರಿನ ಸ್ಟೀರಿಂಗನ್ನೂ ಮುಟ್ಟಿಲ್ಲ. ಇಲ್ಲಿ ಗೋದಿ ಕೊಯ್ಯುವ ಯಂತ್ರ ರಿಪೇರಿ ಮಾಡುತ್ತೇನೆ. ಅವುಗಳಿಗೆ ಯಾರ ಬಗ್ಗೆಯೂ ಅಭಿಪ್ರಾಯವಿಲ್ಲ.

ಇಳಿಸಿದೆ. ಈಗ ಟೈರು.

ಒಂದು, ಗಾಳಿ. ಅಗಲದ ಟೈರಿಗೆ ಹಳೆ ಲೆಕ್ಕದ ಗಾಳಿ ಹಾಕಿದರೆ ನಡುಭಾಗ ಮಾತ್ರ ನೆಲ ಮುಟ್ಟುತ್ತದೆ. ಎರಡೂ ಟೈರಿನ ಮೇಲೆ ಅಡ್ಡಕ್ಕೆ ದಪ್ಪಗೆ ಸೀಮೆಸುಣ್ಣ ಎಳೆ, ನೂರು ಗಜ ನೇರ ಓಡಿಸು, ಇಳಿದು ನೋಡು. ನಡುವೆ ಅಳಿಸಿ ಅಂಚಿನಲ್ಲಿ ಉಳಿದಿದ್ದರೆ ಗಾಳಿ ಜಾಸ್ತಿ, ಅಂಚಿನಲ್ಲಿ ಅಳಿಸಿ ನಡುವೆ ಉಳಿದಿದ್ದರೆ ಕಡಿಮೆ. ಒಂದೇ ಸಮ ಅಳಿಸುವ ತನಕ ಎರಡೆರಡು ಪೌಂಡ್ ಬದಲಾಯಿಸು.

ಎರಡು, ಸುತ್ತಳತೆ. ಒಂದೇ ಅಂಗಡಿಯಲ್ಲಿ ಒಂದೇ ದಿನ ಕೊಂಡ ಎರಡು ಟೈರೂ ಒಂದೇ ಅಳತೆ ಇರಬೇಕೆಂದಿಲ್ಲ. ದಾರ ಸುತ್ತಿ ಅಳೆ. ದೊಡ್ಡ ಟೈರು ಒಂದು ಕಡೆ ಇದ್ದರೆ ಕಾರು ಇನ್ನೊಂದು ಕಡೆಗೆ ತಿರುಗುತ್ತದೆ.

ಇಷ್ಟು ಮಾಡಿ ಬರೆ.

ವೆಂಡೆಲ್ ಸ್ಕಾಗಿನ್ಸ್

*

ಆಯಿಲ್‌ಡೇಲ್
ಜುಲೈ 1, 1988

ವೆಂಡೆಲ್,

ಎತ್ತಿದ್ದನ್ನು ಇಳಿಸಿದೆ ಎಂದೆ, ಸರಿ. ನಾನು ಅದರ ಬಗ್ಗೆ ಏನೂ ಬರೆಯುವುದಿಲ್ಲ.

ಸೀಮೆಸುಣ್ಣ ಎಳೆದೆ. ನಡುಭಾಗ ಅಳಿಸಿತ್ತು, ನೀನು ಹೇಳಿದ ಹಾಗೇ. ಗಾಳಿ ಇಪ್ಪತ್ತೆಂಟರಿಂದ ಇಳಿಸುತ್ತಾ ಇಪ್ಪತ್ತೆರಡಕ್ಕೆ ಬಂದಾಗ ಸಮ ಅಳಿಸಿತು. ದಾರ ಹಿಡಿಯಲು ಒಲೀಟಾ ಬಂದಳು. ಮದುವೆಯಾಗಿ ಮೂವತ್ತೊಂದು ವರ್ಷವಾದ ಮೇಲೆ ಗಂಡನ ಜೊತೆ ನೆಲದ ಮೇಲೆ ಕೂತು ಟೈರಿಗೆ ದಾರ ಸುತ್ತುವ ಯೋಗ ಎಷ್ಟು ಹೆಂಗಸರಿಗಿದೆ ಎಂದೆ. "ನನ್ನ ಸೊಂಟದ ಅಳತೆ ಒಂದು ಸಲನಾದ್ರೂ ಇಷ್ಟು ಶ್ರದ್ಧೆಯಿಂದ ಕೇಳಿದ್ರಾ?" ಎಂದಳು. ಎರಡು ಟೈರಿಗೂ ಕಾಲಿಂಚಿನಷ್ಟೂ ವ್ಯತ್ಯಾಸವಿಲ್ಲ.

ಓಡಿಸಿ ನೋಡಿದೆ. ಹಿಡಿತ ಸುಧಾರಿಸಿದೆ. ಮೂತಿ ಮಾತ್ರ ಎಡಕ್ಕೇ ಹೋಗುತ್ತದೆ. ಹಿಡಿತ ಜಾಸ್ತಿಯಾದದ್ದಕ್ಕೆ ಇನ್ನೂ ಜೋರಾಗಿ ಹೋಗುತ್ತದೆ, ನಿನ್ನ ಉಪಕಾರ.

ಟೈರಲ್ಲದಿದ್ದರೆ ಇನ್ನೇನು? ಬೇಗ ಬರೆ. ನೀನು ಹದಿನೈದು ದಿನಕ್ಕೊಂದು ಕಾಗದ ಹಾಕಿದರೆ ನನಗೆ ಸಾಲುವುದಿಲ್ಲ.

ವರ್ಲಿನ್

*

ಹಚಿನ್‌ಸನ್
ಜುಲೈ 9, 1988

ವರ್ಲಿನ್,

ಬೇಗ ಬರೆದಿದ್ದೇನೆ, ನೋಡು.

ಆ ಚೀಲಗಳನ್ನು ಇನ್ನೂ ಇಟ್ಟಿದ್ದೀಯಾ? ಒಲೀಟಾ ಹಳೆ ಪ್ಯಾಂಟಿನ ಬಟ್ಟೆಯಲ್ಲಿ ಹೊಲಿದುಕೊಟ್ಟ ನಾಲ್ಕು ಮರಳು ಚೀಲ, ಒಂದೊಂದು ಐವತ್ತೈದು ಪೌಂಡ್. ನಿನ್ನ ಬದಲಿಗೆ ಅವನ್ನು ಸೀಟಿನ ಮೇಲೆ ಕೂರಿಸಿ ನಾನು ಹಿಂಭಾಗ ಹೊಂದಿಸುತ್ತಿದ್ದೆ. ನಮ್ಮ ಗುಂಪಿನಲ್ಲಿ ಎಲ್ಲರಿಗೂ ಅವರವರ ತೂಕದ ಚೀಲ ಇತ್ತು. ಯಾರ ಚೀಲಕ್ಕೆ ಕಾರು ಕಟ್ಟಿದೆಯೋ ಅವನೇ ಎಡಗಡೆ, ಸ್ಟೀರಿಂಗ್ ಮುಂದೆ ಕೂರಬೇಕು ಎಂಬ ಕಟ್ಟಳೆಯನ್ನು ನಾನು ಮುರಿದೆ, ಮಿಕ್ಕದ್ದು ನಿನಗೆ ಗೊತ್ತು.

ಕಾರನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸು. ಖಾಲಿ ಕಾರಿನಲ್ಲಿ ನೆಲದಿಂದ ಎಡಗಡೆ ಹಿಂದಿನ ಮಡ್‌ಗಾರ್ಡಿನ ತುದಿಗೆ ಎಷ್ಟು ಎತ್ತರ ಬರೆದುಕೊ. ನಾಲ್ಕೂ ಚೀಲ ಎಡಗಡೆ ಸೀಟಿನಲ್ಲಿಟ್ಟು ಮತ್ತೆ ಅಳೆ. ಮುಕ್ಕಾಲು ಇಂಚು ಕುಸಿಯಬೇಕು. ಹಾಗೆ ಕುಸಿದರೆ ಸ್ಪ್ರಿಂಗ್ ಸರಿಯಾಗಿದೆ ಎಂದರ್ಥ.

ಆಮೇಲೆ ಚೀಲ ತೆಗೆದು ನೀನು ಕೂರು, ಒಲೀಟಾ ಅಳೆಯಲಿ. ಇದು ಸುಮ್ಮನೆ ತಾಳೆ ನೋಡಲು, ಅಷ್ಟೇ.

ವೆಂಡೆಲ್

*

ಆಯಿಲ್‌ಡೇಲ್
ಜುಲೈ 22, 1988

ವೆಂಡೆಲ್,

ಚೀಲ ಗ್ಯಾರೇಜಿನ ಅಟ್ಟದ ಮೇಲಿದ್ದವು. ಒಂದನ್ನೂ ಇಲಿ ಕಡಿದಿಲ್ಲ. ಇಳಿಸಿ ಸೀಟಿಗೆ ಹಾಕಲು ಇಡೀ ಬೆಳಗ್ಗೆ ಹಿಡಿಯಿತು, ನಡುವೆ ಎರಡು ಸಲ ಕೂತು ಸುಧಾರಿಸಿಕೊಂಡೆ. ಈ ವರ್ಷ ಸೆಕೆ ವಿಪರೀತ.

ನಾಲ್ಕು ಚೀಲ ಹಾಕಿದಾಗ ಕರೆಕ್ಟಾಗಿ ಮುಕ್ಕಾಲು ಇಂಚು ಕುಸಿಯಿತು. ಒಂದು ಗೆರೆ ಆಚೀಚೆ ಇಲ್ಲ. ಹದಿನಾಲ್ಕು ವರ್ಷದ ಮೇಲೂ ನಿನ್ನ ಕೆಲಸ ನಿಂತಲ್ಲೇ ನಿಂತಿದೆ, ಇದನ್ನು ಹೇಳದೆ ಬಿಟ್ಟರೆ ಅನ್ಯಾಯವಾಗುತ್ತದೆ.

ಆಮೇಲೆ ನಾನು ಕೂತೆ. ಅರ್ಧ ಇಂಚೂ ಕುಸಿಯಲಿಲ್ಲ. ಇಳಿದು ಹತ್ತಿ ಮೂರು ಸಲ ಅಳೆಸಿದೆ. ಟೇಪು ಬದಲಾಯಿಸಿದೆವು. ನಾಲ್ಕನೇ ಸಲ ಅಳೆ ಎಂದಾಗ ಒಲೀಟಾ, "ಸಾಕು ಬಿಡಿ ವರ್ಲಿನ್, ಟೇಪಿನ ತಪ್ಪಲ್ಲ" ಎಂದು ಟೇಪು ಸುತ್ತಿಟ್ಟು ಒಳಗೆ ಹೋದಳು. ಆಮೇಲೆ ಅಡುಗೆಮನೆಯಲ್ಲಿ ನೀರು ಸುಮಾರು ಹೊತ್ತು ಸುರಿಯುತ್ತಲೇ ಇತ್ತು.

ಸ್ಪ್ರಿಂಗ್ ಸೋತಿದ್ದರೆ ಜಾಸ್ತಿ ಕುಸಿಯಬೇಕಲ್ಲವೇ, ಕಡಿಮೆ ಯಾಕೆ ಕುಸಿಯುತ್ತದೆ? ಶಾಕ್ ಅಬ್ಸಾರ್ಬರ್ ಕಚ್ಚಿಕೊಂಡಿರಬಹುದೇ? ಹಾಗಿದ್ದರೆ ಹೊಸದು ತರಿಸುತ್ತೇನೆ. ಅಕ್ಟೋಬರಿಗೆ ಇನ್ನು ಹತ್ತೇ ವಾರ.

ವರ್ಲಿನ್

*

ಹಚಿನ್‌ಸನ್
ಜುಲೈ 28, 1988

ವರ್ಲಿನ್,

ಶಾಕ್ ತರಿಸಬೇಡ. ಕಚ್ಚಿಕೊಂಡಿದ್ದರೆ ಚೀಲ ಹಾಕಿದಾಗಲೂ ಕಚ್ಚಿಕೊಳ್ಳುತ್ತಿತ್ತು.

ಟೈರು ಸರಿಯಿದೆ. ಸ್ಪ್ರಿಂಗ್ ಸರಿಯಿದೆ. ಚೀಲ ಕೂತರೆ ಕಾರು ಸರಿ, ನೀನು ಕೂತರೆ ಸರಿಯಿಲ್ಲ. ನಿನ್ನ ಮೊದಲನೇ ಕಾಗದದಲ್ಲಿ ಮೂತಿ ಎಡಕ್ಕೆ ಎಂದು ಓದಿದಾಗಲೇ ನನಗೆ ಇದು ಹೊಳೆದಿತ್ತು. ಇದಲ್ಲದೆ ಬೇರೆ ಏನಾದರೂ ಆಗಿರಲಿ ಅಂತಲೇ ನಿನ್ನ ಕೈಲಿ ಸೀಮೆಸುಣ್ಣ, ದಾರ ಎಲ್ಲ ಹಿಡಿಸಿದೆ.

ನೀನು ಈಗ ಎಷ್ಟು ತೂಗುತ್ತೀ?

ವೆಂಡೆಲ್

*

ಹಚಿನ್‌ಸನ್
ಆಗಸ್ಟ್ 21, 1988

ವರ್ಲಿನ್,

ಮೂರು ವಾರವಾಯಿತು, ನಿನ್ನಿಂದ ಕಾಗದವಿಲ್ಲ. ಹದಿನಾಲ್ಕು ವರ್ಷ ಕಾಗದವಿಲ್ಲದೆ ಇದ್ದವನಿಗೆ ಮೂರು ವಾರ ಯಾವ ಲೆಕ್ಕ ಅನ್ನಬಹುದು. ಆದರೆ ದಿನಾ ಟಪ್ಪಾಲು ಡಬ್ಬಿಯವರೆಗೆ ಹೋಗಿ ಬರುತ್ತಿದ್ದೇನೆ, ಅಷ್ಟಂತೂ ನಿಜ.

ಇಲ್ಲಿ ಗೋದಿ ಮುಗಿಯಿತು, ಯಂತ್ರಗಳೆಲ್ಲ ಕೊಟ್ಟಿಗೆಗೆ ಬಂದು ನಿಂತಿವೆ. ಮೊನ್ನೆ ಒಬ್ಬ ಮುದುಕ ಬಂದು, "ಎಂಜಿನ್ನು ಕೆಮ್ತಾ ಇದೆ ಕಣಪ್ಪ, ನನ್ನ ಥರನೇ" ಎಂದ. ಅವನ ಎಂಜಿನ್ ಸರಿಮಾಡಿ ಕಳಿಸಿದೆ.

ನಾನು ಕೇಳಿದ ಪ್ರಶ್ನೆ ವಾಪಸ್ ತೆಗೆದುಕೊಂಡಿದ್ದೇನೆ. ಟೈರಿನ ಬಗ್ಗೆ ಬರೆ, ಏನಾದರೂ ಬರೆ.

ವೆಂಡೆಲ್

*

ಆಯಿಲ್‌ಡೇಲ್
ಆಗಸ್ಟ್ 27, 1988

ಪ್ರಿಯ ವೆಂಡೆಲ್,

ನಾನು ಬರೆಯುತ್ತಿರುವುದು ಅವರಿಗೆ ಗೊತ್ತಿಲ್ಲ. ಮಲಗಿದ್ದಾರೆ.

ಹೊಟ್ಟೆಯಲ್ಲಿ ಗಡ್ಡೆಯಿದೆ. ಜನವರಿಯಲ್ಲಿ ಗೊತ್ತಾಯಿತು. ಕ್ರಿಸ್‌ಮಸ್ ನೋಡಬಹುದು, ನೋಡದೆಯೂ ಇರಬಹುದು ಎಂದಿದ್ದಾರೆ ಡಾಕ್ಟರು. ಇಲ್ಲಿ ಯಾರಿಗೂ ಹೇಳಕೂಡದು ಎಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾರೆ. ನೀವು ಇಲ್ಲಿಯವರಲ್ಲ, ಆದ್ದರಿಂದ ನಿಮಗೆ ಹೇಳಿದರೆ ಆಣೆ ಮುರಿದಂತಾಗಲಿಲ್ಲ ಎಂದುಕೊಂಡಿದ್ದೇನೆ. ದನಿ ಬಹಳ ಸಣ್ಣಗಾಗಿದೆ, ಫೋನ್ ಬೇಡ ಎಂದದ್ದು ಅದಕ್ಕೆ.

ಟೈರು ಹಾಕಿಸಿದ್ದು ಗೊತ್ತಾದ ಮೇಲೆಯೇ. ಇನ್ನು ಟೈರು ಯಾಕೆ ಎಂದು ನಾನು ಕೇಳಲಿಲ್ಲ. ನಿಮ್ಮ ಪ್ರಶ್ನೆ ಬಂದ ಮರುದಿನ ಕುದುರೆ ಮೇವಿನ ಅಂಗಡಿಗೆ ಹೋಗಿ ಮೂಟೆ ತೂಗುವ ತಕ್ಕಡಿಯ ಮೇಲೆ ನಿಂತು ಬಂದರು. ಎಷ್ಟು ಎಂದು ನನಗೆ ಹೇಳಲಿಲ್ಲ. ಆಮೇಲೆ ಗ್ಯಾರೇಜಿನ ಬಾಗಿಲು ತೆಗೆದಿಲ್ಲ.

ನಿಮ್ಮ ಮೇಲೆ ನನಗೆ ಸಿಟ್ಟಿತ್ತು. ನೀವು ಬಿಟ್ಟುಹೋದ ಮೇಲೆ ಅವರು ಯಾರ ಜೊತೆಯೂ ಆ ಥರ ಕೂತು ಹರಟಲಿಲ್ಲ. ಈ ಬೇಸಿಗೆ ನಿಮ್ಮ ಕಾಗದ ಬಂದ ದಿನ ಎರಡು ತುತ್ತು ಜಾಸ್ತಿ ತಿಂದರು. ಅದಕ್ಕಾಗಿ ಸಿಟ್ಟು ಬಿಟ್ಟಿದ್ದೇನೆ. ಕಾರಿನ ಬಗ್ಗೆಯೇ ಬರೆಯಿರಿ, ಇದರ ಬಗ್ಗೆ ಬರೆಯಬೇಡಿ.

ಒಲೀಟಾ

*

ಆಯಿಲ್‌ಡೇಲ್
ಸೆಪ್ಟೆಂಬರ್ 3, 1988

ಕಡ್ಡಿ,

ನೂರ ಮೂವತ್ತೆಂಟು ಪೌಂಡ್.

ಬೂಟು ಬಿಚ್ಚದೆ ನಿಂತರೂ ಅಷ್ಟೇ. ಅಂಗಡಿಯವನು, "ಓಟ್ಸ್ ಮೂಟೆ ಎರಡೂವರೆ ಆಯ್ತು ನೋಡಿ ಟ್ಯಾಕೆಟ್ ಅವರೇ" ಅಂತ ತಮಾಷೆ ಮಾಡಿದ. ನಾನೂ ನಕ್ಕೆ. ಇನ್ನೂರ ಇಪ್ಪತ್ತು ಇದ್ದವನು ನೂರ ಮೂವತ್ತೆಂಟು ಯಾಕಾದೆ ಎಂದು ನೀನು ಕೇಳುವುದಿಲ್ಲ, ನಾನು ಹೇಳುವುದಿಲ್ಲ. ಬುದ್ಧಿವಂತ ನೀನು.

ಆದರೆ ಇನ್ನೊಂದು ವಿಷಯ ಹೇಳಲೇಬೇಕು. ಮಂಗಳವಾರ ಬೆಳಗ್ಗೆ ಕಾರು ತೆಗೆದುಕೊಂಡು ಚೆಸ್ಟರ್ ಅವೆನ್ಯೂಗೆ ಹೋದೆ, ಅದೇ ಸಿಗ್ನಲ್‌ಗೆ. ತುಳಿದೆ. ಮೂತಿ ಎಡಕ್ಕೆ ಹೋಯಿತು. ಎರಡೂ ಕೈಯಲ್ಲಿ ಎಳೆದು ಹಿಡಿದದ್ದಕ್ಕೆ ಕಂಬ ಒಂದು ಮೊಳದಲ್ಲಿ ತಪ್ಪಿತು. ಪಕ್ಕಕ್ಕೆ ನಿಲ್ಲಿಸಿ ಕೂತೆ. ಅವತ್ತು ಹೋಟೆಲಿನಲ್ಲಿ ನೀನು ಏನು ಹೇಳಹೊರಟಿದ್ದೆ ಎಂದು ಆಗ ನೆನಪಾಯಿತು. "ಚೀಲ ಇನ್ನೂರ ಇಪ್ಪತ್ತು, ನಾನು ನೂರ ನಲವತ್ತೆಂಟು" ಎಂದಿದ್ದೆ. ನಾನು, "ಕಾರೇನು ತಕ್ಕಡಿನಾ, ಯಾರು ಕೂತ್ರು ಅಂತ ತೂಗಿ ನೋಡೋಕೆ?" ಎಂದಿದ್ದೆ. ಜನ ನಕ್ಕರು ಎಂದು ಇನ್ನೆರಡು ಸಲ ಅದನ್ನೇ ಹೇಳಿದೆ.

ಕಾರು ತೂಗಿ ನೋಡುತ್ತದೆ ಕಣೋ. ನಿನ್ನ ಕೈಯದೇನೂ ತಪ್ಪಿರಲಿಲ್ಲ. ಇದನ್ನು ಆ ಎಂಟು ಜನರ ಮುಂದೆಯೇ ಹೇಳಬೇಕು. ಅವರಲ್ಲಿ ಐವರು ಬದುಕಿದ್ದಾರೆ, ಐವರೂ ಅಕ್ಟೋಬರ್ ಒಂದಕ್ಕೆ ಕರ್ನ್‌ವಿಲ್‌ಗೆ ಬರುತ್ತಾರೆ. ನಾನು ಹೋಗಲೇಬೇಕು ಎಂದದ್ದು ಮೊದಲು ಬೇರೆ ಕಾರಣಕ್ಕೆ, ಈಗ ಇದಕ್ಕೆ.

ನೂರ ಮೂವತ್ತೆಂಟಕ್ಕೆ ಹಿಂಭಾಗ ಹೇಗೆ ಹೊಂದಿಸಬೇಕು, ಬರೆ.

ಡುಮ್ಮ

*

ಹಚಿನ್‌ಸನ್
ಸೆಪ್ಟೆಂಬರ್ 9, 1988

ಡುಮ್ಮ,

ನಿನ್ನ ಕಾಗದ ಓದಿ ಯಂತ್ರದ ಕೊಟ್ಟಿಗೆಯ ಹಿಂದೆ ಹೋಗಿ ಅತ್ತೆ. ಇದನ್ನು ಒಂದು ಸಾಲಿನಲ್ಲಿ ಮುಗಿಸಿದ್ದೇನೆ, ಮುಂದಕ್ಕೆ ಓದು.

ನೀನು ಎಡಗಡೆ ಅಷ್ಟು ಭಾರ ಕೂರುತ್ತಿದ್ದೆ ಎಂದು ನಾನು ಬಲಗಡೆಯದನ್ನು ಬಿಗಿ ಮಾಡಿದ್ದೆ, ಎರಡೂ ಟೈರು ಒಂದೇ ಸಮ ನೆಲ ಕಚ್ಚಲಿ ಎಂದು. ಈಗ ಎಡಗಡೆ ಭಾರವಿಲ್ಲ, ಬಲಗಡೆ ಬಿಗಿ ಹಾಗೇ ಇದೆ. ಬಲಗಡೆ ಟೈರು ಮಾತ್ರ ಕಚ್ಚಿ ತಳ್ಳುತ್ತದೆ, ಮೂತಿ ಎಡಕ್ಕೆ ಹೋಗುತ್ತದೆ. ಅಷ್ಟೇ ವಿಷಯ.

ಕೆಳಗೆ ಮಲಗಿ ನೋಡು. ಆಕ್ಸಲ್‌ನಿಂದ ಮುಂದಕ್ಕೆ ಏಣಿಯ ಹಾಗೆ ಎರಡು ಕಬ್ಬಿಣದ ತೋಳು ಹೋಗಿವೆ. ಬಲಗಡೆ ತೋಳಿನ ಮುಂತುದಿಯಲ್ಲಿ ನಾನು ಕೆಂಪು ಬಣ್ಣ ಹಚ್ಚಿದ ನಟ್ಟು ಇದೆ. ಸೀಟಿನಲ್ಲಿ ಎರಡೂವರೆ ಚೀಲ ಇಟ್ಟುಕೊಂಡು ಆ ನಟ್ಟನ್ನು ಒಂದೂವರೆ ಸುತ್ತು ಸಡಿಲಿಸು. ಓಡಿಸಿ ಗುರುತು ನೋಡು. ಎರಡೂ ಗುರುತು ಒಂದೇ ಕಪ್ಪಾಗುವ ತನಕ ಕಾಲು ಕಾಲು ಸುತ್ತು ಬದಲಾಯಿಸು. ಉದ್ದ ಸ್ಪ್ಯಾನರ್ ಬೇಕು, ತುಕ್ಕು ಹಿಡಿದಿರುತ್ತದೆ.

ಕಣಿವೆಯಲ್ಲಿ ಮೂರನೇ ಗೇರಿನಲ್ಲೇ ಹೋಗು. ಅವಸರ ಬೇಡ.

ಕಡ್ಡಿ

*

ಆಯಿಲ್‌ಡೇಲ್
ಸೆಪ್ಟೆಂಬರ್ 16, 1988

ಕಡ್ಡಿ,

ಕೆಂಪು ನಟ್ಟು ಸಿಕ್ಕಿತು. ಸ್ಪ್ಯಾನರ್ ಹಾಕಿ ಎರಡು ದಿನ ಜೋತುಬಿದ್ದೆ. ನಾನು ಹಂದಾಡಿದೆ, ಅದು ಹಂದಾಡಲಿಲ್ಲ. ಒಲೀಟಾ ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಎಳೆದಳು, ಅವಳಿಂದಲೂ ಆಗಲಿಲ್ಲ. ಪಕ್ಕದ ಮನೆಯವನನ್ನು ಕರೆಯುತ್ತೇನೆ ಎಂದಳು, ಬೇಡ ಎಂದೆ. ನೀನು ಬಣ್ಣ ಹಚ್ಚಿದ ನಟ್ಟನ್ನು ಇನ್ನೊಬ್ಬನ ಕೈಲಿ ಬಿಚ್ಚಿಸಲು ನನಗೆ ಮನಸ್ಸಿಲ್ಲ.

ಅಲ್ಲೇ ಕಾರಿನ ಕೆಳಗೆ ಮಲಗಿಕೊಂಡು ಯೋಚನೆ ಮಾಡಿದೆ, ಏಳಲು ಹೇಗೂ ಸ್ವಲ್ಪ ಹೊತ್ತು ಬೇಕಿತ್ತು. ನಟ್ಟು ತಿರುಗಿಸಲಾಗದ ಕೈ ಕಣಿವೆಯ ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸುತ್ತದೆಯೇ? ಇಲ್ಲ. ಇದು ನನಗೆ ಜುಲೈಯಲ್ಲೇ ಗೊತ್ತಿತ್ತು, ಒಪ್ಪಿಕೊಳ್ಳಲು ಇಷ್ಟು ದಿನ ಹಿಡಿಯಿತು. ಈ ಕಾರಿನ ಎಡಗಡೆ ಸೀಟಿನಲ್ಲಿ ನನ್ನ ಬಿಟ್ಟರೆ ಕೂತವನು ನೀನೊಬ್ಬನೇ, ಅದೂ ಕದ್ದು. ಈ ಸಲ ನಾನೇ ಕರೆಯುತ್ತಿದ್ದೇನೆ.

ಎರಡು ಚೀಲ ಬಲಗಡೆ ಸೀಟಿಗೆ ಹಾಕಿಸಿದ್ದೇನೆ, ಮೂರನೆಯದರಿಂದ ಅರ್ಧ ಮರಳು ಹೊರಗೆ ಸುರಿದು ಅವುಗಳ ಮೇಲಿಟ್ಟಿದ್ದೇನೆ. ಅದು ನಾನು. ಉಳಿದ ಮರಳು ಎಡಗಡೆಗೆ. ಸಾಲದಿದ್ದರೆ ಹೊಳೆದಂಡೆಯಿಂದ ಇನ್ನಷ್ಟು ತರಿಸುತ್ತೇನೆ.

ಎಡಗಡೆಗೆ ಎಷ್ಟು ಹಾಕಬೇಕು, ಬರೆದು ಕಳಿಸು. ಸುಳ್ಳು ಹೇಳಬೇಡ, ಕಾರಿಗೆ ಗೊತ್ತಾಗುತ್ತದೆ.

ಡುಮ್ಮ

*

ಹಚಿನ್‌ಸನ್
ಸೆಪ್ಟೆಂಬರ್ 21, 1988

ವರ್ಲಿನ್,

ನೂರ ತೊಂಬತ್ತಾರು. ಗೋದಿ ಸೀಮೆಯ ಊಟ, ಏನು ಮಾಡಲಿ. ಇನ್ನು ಮುಂದೆ ನೀನು ಕಡ್ಡಿ, ನಾನು ಡುಮ್ಮ.

ರಜೆ ಕೇಳಿದೆ, ಕೊಟ್ಟರು. ನಾಳಿದ್ದು ಹೊರಡುತ್ತೇನೆ, ಭಾನುವಾರ ಸಂಜೆಗೆ ನಿಮ್ಮ ಮನೆ. ಹದಿನಾಲ್ಕು ವರ್ಷ ಇಂಥ ಕಾರಿನ ಸ್ಟೀರಿಂಗ್ ಮುಟ್ಟದ ಕೈ ಇದು, ಹೆದರಿಕೆ ಇದ್ದೇ ಇದೆ. ಪಕ್ಕದಲ್ಲಿ ಕೂತು ನೀನು ಬೈಯುತ್ತಾ ಇದ್ದರೆ ಹೋಗುತ್ತದೆ. ಆ ಐವರಿಗೆ ಏನು ಹೇಳಬೇಕೋ ಅದನ್ನು ಕಾರಿನಿಂದ ಇಳಿಯದೆ, ಬಲಗಡೆ ಕೂತಲ್ಲಿಂದಲೇ ಹೇಳು.

ಕೆಂಪು ನಟ್ಟನ್ನು ಮುಟ್ಟಬೇಡ, ಉದ್ದ ಸ್ಪ್ಯಾನರ್ ನಾನು ತರುತ್ತೇನೆ. ಬಲಗಡೆ ಸೀಟಿನ ಚೀಲಗಳನ್ನೂ ತೆಗೆದಿಡಲು ಒಲೀಟಾಗೆ ಹೇಳು. ನೂರ ಮೂವತ್ತೆಂಟು ಹಳೆಯ ಲೆಕ್ಕ. ನೀನೇ ಬಂದು ಕೂರು. ನಾನು ಬರುವ ಹೊತ್ತಿಗೆ ನೀನು ಎಷ್ಟು ಉಳಿದಿರುತ್ತೀಯೋ ಅಷ್ಟಕ್ಕೆ ಕಾರನ್ನು ಹೊಂದಿಸೋಣ.

ಡುಮ್ಮ